ಒಣಗಿದ ಭತ್ತದ ತೂಕ

ಸಂಗಮ್ಮ ಕಂಬಳಿ ಹಿಂಡುತ್ತಾಳೆ, ಅಪ್ಪನ ನಿನ್ನೆಯ ಬೆವರು ಕಂದು ನೀರಾಗಿ ಬೋಗುಣಿಗೆ ಇಳಿಯುತ್ತದೆ, ಅದರ ಮೇಲೆ ಒಂದು ಹನಿ ಜಿಡ್ಡೂ ತೇಲುವುದಿಲ್ಲ — ತೇಲಬೇಕಿತ್ತಲ್ಲ, ಗರಡಿಯ ಉಸ್ತಾದ ಉಚ್ಚೆಂಗಪ್ಪ ಹೇಳಿದ್ದು ನಿಜವಾಗಿದ್ದರೆ, ಬೆವರಂದ್ರ ಕರಗಿದ ಕೊಬ್ಬು ರೀ ಸಾವ್ಕಾರ್ರ, ಕಂಬಳಿ ಹೊದ್ಕೊಂಡು ಮಟಮಟ ಮಧ್ಯಾಹ್ನ ಓಡ್ರಿ, ನೀರು ಮಾತ್ರ ಮುಟ್ಟಬ್ಯಾಡ್ರಿ, ಮುಟ್ಟಿದ್ರ ಎಲ್ಲಾ ವಾಪಸ್ ಬರ್ತೈತಿ. ನೀರಿನಿಂದ ವಾಪಸ್ ಬರುವುದಾದರೆ ಹೋದದ್ದೂ ನೀರೇ, ಇದಕ್ಕೆ ಉಸ್ತಾದನೇ ಬೇಕೇ. ಗೋಡೆಯಾಚೆ ಗಿರಣಿಯ ಕಣದಲ್ಲಿ ಧಪ್ ಧಪ್, ಅಪ್ಪ ಇನ್ನೊಂದು ಕಂಬಳಿ ಹೊದ್ದು ಓಡುತ್ತಿದ್ದಾರೆ, ಕಂಪ್ಲಿಯ ಈ ಬಿಸಿಲಿನಲ್ಲಿ. ಹೊಸಪೇಟೆಯ ಡಾಕ್ಟರು ಎದೆಗೆ ನಳಿಗೆ ಇಟ್ಟು ಹೇಳಿದ್ದೇ ಬೇರೆ, ಗುಂಡಿಗಿ ದಣದೈತ್ರಿ ದೊಡ್ಡಬಸಪ್ಪನವರ, ಊಟ ಕಡಿಮಿ ಮಾಡ್ರಿ, ಮುಂಜಾನಿ ನಿಧಾನ ನಡೀರಿ, ಮೈ ಇಳಿಸ್ರಿ. ಅಪ್ಪನ ಕಿವಿಗೆ ಬಿದ್ದದ್ದು ಇಳಿಸ್ರಿ ಅನ್ನುವುದೊಂದೇ. ಓಡಿ ಬಂದು ಭತ್ತ ತೂಗುವ ತಕ್ಕಡಿಯ ತಟ್ಟೆಯಲ್ಲಿ ಕೂರುತ್ತಾರೆ, ಆಚೆ ತಟ್ಟೆಯಲ್ಲಿ ಹಿಂದಿನ ದಿನದ ತೂಕದ ಕಲ್ಲುಗಳು, ಅಪ್ಪನ ತಟ್ಟೆ ಮೆಲ್ಲಗೆ ನೆಲ ಬಿಡುತ್ತದೆ, ಎರಡು ಸೇರು ಇಳೀತ್ರಿ ಯಜಮಾನ್ರ, ಹಮಾಲಿ ಮೂಕಣ್ಣ ಕೂಗುತ್ತಾನೆ — ಇಪ್ಪತ್ತು ವರ್ಷ ಮೂಟೆ ಹೊತ್ತು ಬೆವರು ಸುರಿಸಿದ ಮೂಕಣ್ಣ, ಅವನ ಹೊಟ್ಟೆ ಅವನಿಗಿಂತ ಮೊದಲೇ ಗಿರಣಿಯ ಬಾಗಿಲು ದಾಟುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವ್ವ ಹಿಗ್ಗುತ್ತಾಳೆ, ಭಾಳ ದಣದೀರಿ, ಇನ್ನೆರಡು ಹೋಳಿಗಿ ಹಾಕ್ಕೊಳ್ರಿ, ಮೇಲೆ ತುಪ್ಪ ಸುರಿಯುತ್ತಾಳೆ. ಬೆಳಗಾದರೆ ತಟ್ಟೆ ಮತ್ತೆ ನೆಲಕ್ಕೆ. ತಪ್ಪು ನೀರಿನದು ಎಂದು ಅಪ್ಪ ನಿನ್ನೆಯಿಂದ ಚೊಂಬನ್ನೇ ಮುಟ್ಟಿಲ್ಲ.

ಸಂಗಮ್ಮನಿಗೆ ಗೊತ್ತು, ಅನುಮಾನವೇ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅವಳು ಅದೇ ಕಣದಲ್ಲಿ ಕಾಲಿಂದ ಭತ್ತ ತಿರುವಿದವಳು, ಮೂರು ಬಿಸಿಲಿಗೆ ಮೂಟೆ ಹಗುರಾಗುತ್ತದೆ, ಒಳಗಿನ ಕಾಳು ಒಂದೂ ಕಡಿಮೆಯಾಗಿರುವುದಿಲ್ಲ, ಹೋಗುವುದು ತೇವ ಮಾತ್ರ. ಕಲಿಸಿದ್ದು ಅಪ್ಪನೇ. ಹಸಿ ಭತ್ತ ತಂದವನನ್ನು ಒಂದು ಹಿಡಿ ಮೂಸಿಯೇ ಹಿಡಿಯುತ್ತಾರೆ, ಏನಲೇ, ತುಂಗಭದ್ರಿ ನೀರು ನನಗ ಮಾರಾಕ ಬಂದೀಯೇನು. ಇನ್ನೂ ಒಂದು ಕಲಿಸಿದ್ದರು, ಒಂದು ಬಿಸಿಲು ಹೆಚ್ಚಾದರೆ ಕಾಳು ಹೊರಗೆ ಚೆಂದ ಕಂಡು ಒಳಗೇ ಸೀಳುತ್ತದೆ, ಗಿರಣಿಗೆ ಹಾಕಿದರೆ ಬರೀ ನುಚ್ಚು. ಅವ್ವನಿಗೆ ಹೇಳಿ ನೋಡಿದಳು, ಮೂರನೇ ಕ್ಲಾಸು ಕಲ್ತಾಕಿ ಡಾಕ್ಟರ್ ಆದೀಯೇನ, ಸುಮ್ನಿರು. ಅಪ್ಪನಿಗೆ ಹೇಳುವುದು ಹೇಗೆ, ಎದುರು ನಿಂತು ಒಂದು ಮಾತಾಡಿದವಳಲ್ಲ, ಕಂಬದ ಹಿಂದೆ ನಿಂತು ನೋಡಿದ್ದೇ ಬಂತು —

ಧಪ್ ಧಪ್ ನಿಂತಿದೆ. ಕಂಬಳಿ ಕೈಬಿಟ್ಟಳು, ಚೊಂಬು ತುಂಬಿದಳು, ಕಣಕ್ಕೆ ಹೇಗೆ ಬಂದಳೋ, ಅಪ್ಪ ಆಗಲೇ ತಟ್ಟೆಯಲ್ಲಿ ಕೂತಿದ್ದಾರೆ, ತಲೆ ಸರಪಳಿಗೆ ಆನಿಸಿ, ಕಣ್ಣು ಮುಚ್ಚಿ, ಮೂರು ಸೇರು ರೀ, ಮೂರು, ಮೂಕಣ್ಣನ ಹಲ್ಲೆಲ್ಲ ಹೊರಗೆ, ತಟ್ಟೆ ನೆಲ ಬಿಟ್ಟಿದೆ. ಅವಳ ಕಣ್ಣು ಕಲ್ಲಿನ ಮೇಲಿಲ್ಲ, ಅಪ್ಪನ ಹಣೆಯ ಮೇಲಿದೆ, ಕೆಂಪಗೆ ಕಾದ ಹಣೆ, ಒಂದು ಹನಿ ಬೆವರಿಲ್ಲ, ಒಂದು ಬಿಸಿಲು ಹೆಚ್ಚಾದ ಹಣೆ. ಕಂಬದ ಹಿಂದಲ್ಲ, ಎದುರಿಗೇ ನಿಂತು ಚೊಂಬು ಚಾಚಿದ್ದಾಳೆ, ಅಪ್ಪಾ, ಒಂದು ಗುಟುಕು ನೀರು ಕುಡೀರಿ. ಅಪ್ಪನ ಕಣ್ಣು ತೆರೆಯುವುದಿಲ್ಲ, ತಟ್ಟೆ ತೂಗುತ್ತದೆ, ನೆಲ ಬಿಟ್ಟು ನಾಲ್ಕು ಬೆರಳು ಮೇಲೆ, ತೂಗುತ್ತದೆ. ಅಪ್ಪಾ, ನೀರು ಕುಡೀರಿ.