ಕತ್ತರಿ ಬಿದ್ದ ಸಾಲು

ಆ ವರ್ಷ ಬಳ್ಳಾರಿಯಲ್ಲಿ ಅದಿರಿನ ಧೂಳು ಸೇರದ ಜಾಗವೇ ಇರಲಿಲ್ಲ. ಅನ್ನದ ತಟ್ಟೆ, ಒಣಹಾಕಿದ ಬಟ್ಟೆ, ಬ್ರೂಸ್‌ಪೇಟೆಯ ಅಂಗಡಿಗಳ ಬೋರ್ಡು, ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಧೂಳಿನ ಹಿಂದೆ ದುಡ್ಡು ಬಂತು, ದುಡ್ಡಿನ ಹಿಂದೆ ಶಾಲು, ಸನ್ಮಾನ, ಪುಸ್ತಕ ಬಿಡುಗಡೆ. ನಿನ್ನೆಯವರೆಗೆ ಲಾರಿಗೆ ಬಾಡಿಗೆ ಹುಡುಕುತ್ತಿದ್ದವರು ಬೆಳಗಾಗುವುದರೊಳಗೆ ಸಾಹಿತ್ಯ ಪೋಷಕರಾದರು. ಇನ್ನು ಕವಿಗಳೋ, ಮಳೆ ಬಿದ್ದ ಮೇಲೆ ಅಣಬೆಗೆ ಏಳು ಅಂತ ಯಾರಾದರೂ ಹೇಳಿಕೊಡಬೇಕೆ?

ಆಫ್ರೀನ್ ಮಾತ್ರ ಶಾಲಿಗೆ ಆಸೆಪಟ್ಟವಳಲ್ಲ. ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿ ಉಜ್ಜಿನಪ್ಪನ ಡಿಟಿಪಿ ಅಂಗಡಿ. ಅಲ್ಲಿ ಮದುವೆ ಕಾರ್ಡು, ಕರಪತ್ರ, ಬಾಡಿಗೆ ಕರಾರು ಟೈಪು ಮಾಡುವುದು ಅವಳ ಕೆಲಸ. ಮಧ್ಯಾಹ್ನ ಉಜ್ಜಿನಪ್ಪ ಊಟಕ್ಕೆ ಹೋದನೆಂದರೆ ಒಂದು ಗಂಟೆ ಅಂಗಡಿ, ಕಂಪ್ಯೂಟರು, ಇಂಟರ್ನೆಟ್ಟು ಮೂರೂ ಅವಳದೇ. ಆ ಒಂದು ಗಂಟೆಯಲ್ಲಿ ಅವಳು ಡಬ್ಬಿಯ ರೊಟ್ಟಿ ಮುರಿಯುತ್ತ, ಆಗಿನ ಜಾಲತಾಣ ಆರ್ಕುಟ್ಟಿನ 'ಬಿಸಿಲೂರ ಕವಿಗಳು' ಎಂಬ ಕೂಟದಲ್ಲಿ ಪದ್ಯ ಓದುತ್ತಿದ್ದಳು, ಆಮೇಲೆ ಧೈರ್ಯ ಬಂದು ಬರೆಯತೊಡಗಿದ್ದಳು.

ಕೂಟದಲ್ಲಿ ಮೂವತ್ತು ಚಿಲ್ಲರೆ ಜನ. ಸಿರುಗುಪ್ಪದಲ್ಲಿ ಖಾಸಗಿ ಶಾಲೆಯ ಟೀಚರಾಗಿದ್ದ ನಂದಿನಿ, ಕುರುಗೋಡಿನಲ್ಲಿ ಕಲ್ಲು ಕೆಲಸದ ದುರ್ಗೇಶ, ಹೀಗೆ ಒಬ್ಬೊಬ್ಬರು ಒಂದೊಂದು ಕಡೆಯವರು. ಎಲ್ಲರಿಗೂ ಹಿರಿಯ ಎಂದರೆ ವೆಂಕಣ್ಣ ಸರ್. ಕಾಲೇಜೊಂದರಲ್ಲಿ ಕನ್ನಡ ಪಾಠ, ಕಂಟೋನ್ಮೆಂಟಿನಲ್ಲಿ ಮನೆ. ಕೂಟ ಕಟ್ಟಿದವರು ಅವರೇ, ಅದಕ್ಕೊಂದು ಪದ್ಧತಿ ಹಾಕಿಕೊಟ್ಟವರೂ ಅವರೇ. ಯಾರೇ ಪದ್ಯ ಹಾಕಲಿ, ಉಳಿದವರು ಅದಕ್ಕೆ ಒಂದು ಹೂ, ಒಂದು ಕತ್ತರಿ ಕೊಡಬೇಕು. ಹೂ ಎಂದರೆ ಮೆಚ್ಚಿದ ಸಾಲು. ಕತ್ತರಿ ಎಂದರೆ ತೆಗೆಯಬೇಕಾದ ಸಾಲು. ಹೂವನ್ನು ಯಾರು ಬೇಕಾದರೂ ಕೊಡಬಹುದು, ಆದರೆ ಕತ್ತರಿಯಲ್ಲಿ ಸರ್ ಹೇಳಿದ್ದೇ ಕೊನೆ.

ಆರ್ಕುಟ್ಟಿನಲ್ಲಿ ಒಮ್ಮೆ ಹಾಕಿದ್ದನ್ನು ತಿದ್ದಲು ಬರುತ್ತಿರಲಿಲ್ಲ. ಹಾಗಾಗಿ ಕತ್ತರಿ ಬಿದ್ದ ಮೇಲೆ ಕವಿ ತನ್ನ ಪದ್ಯವನ್ನು ಅಳಿಸಿ, ಆ ಸಾಲು ಬಿಟ್ಟು, ಹೊಸದಾಗಿ ಹಾಕಬೇಕು. ಬಿಟ್ಟ ಸಾಲನ್ನು ಮತ್ತೆಂದೂ ಮುಟ್ಟಬಾರದು. "ಸಾಲಿನ ಮೋಹ ಬಿಡದವನು ಕವಿಯಾಗಲಾರ" ಎಂದು ಸರ್ ಬರೆದದ್ದನ್ನು ಅರ್ಧ ಕೂಟ ತನ್ನ ಪ್ರೊಫೈಲಿನಲ್ಲಿ ಹಾಕಿಕೊಂಡಿತ್ತು. ಊರಲ್ಲಿ ಯಾರೂ ಕಿವಿಗೊಡದ ಮಂದಿಗೆ ಒಬ್ಬ ಮೇಷ್ಟ್ರು ಕೂತು ಸಾಲುಸಾಲಾಗಿ ಓದುತ್ತಾನೆಂದರೆ ಸಾಲದೆ? ಕೊರಳನ್ನೇ ಕೊಡುತ್ತಿದ್ದರು, ಸಾಲು ಯಾವ ದೊಡ್ಡ ಮಾತು.

ಆಫ್ರೀನಳ ಅಪ್ಪ ಗೌಸಸಾಬ್ ಮೊದಲು ಗಾದಿ ಹೊಲಿಯುವವನು. ಬಾದನಹಟ್ಟಿಯವರೆಗೂ ಸೈಕಲ್ ಮೇಲೆ ಹೋಗಿ ಜನರ ಮನೆ ಕಟ್ಟೆಯ ಮೇಲೆ ಕೂತು ಹತ್ತಿ ಹಿಂಜಿ ಗಾದಿ ತುಂಬಿಕೊಟ್ಟು ಬರುತ್ತಿದ್ದ. ಅಂಗಡಿಯ ಸ್ಪಂಜಿನ ಗಾದಿ ಬಂದು ಆ ಕಸುಬು ನೆಲಕಚ್ಚಿತು. ಈಗ ಅದಿರಿನ ಯಾರ್ಡಿನಲ್ಲಿ ಲಾರಿಗಳಿಗೆ ತಾಡಪಾಲು ಬಿಗಿಯುತ್ತಾನೆ. ಸಂಜೆ ಮನೆಗೆ ಬಂದವನೇ ನಮಾಜಿಗೆ ಮುಂಚೆ ಬಚ್ಚಲಲ್ಲಿ ಕೂತು ವಜು ಮಾಡುತ್ತಾನೆ. ಕೈ ಮೂರು ಸಲ, ಮುಖ ಮೂರು ಸಲ, ಪದ್ಧತಿಯಂತೆ. ಮಗಳು ಚೊಂಬು ಹಿಡಿದು ನಿಂತು ನೋಡುತ್ತಿದ್ದಳು. ನೋಡಿ ನೋಡಿ ಒಂದು ದಿನ ಅಂಗಡಿಯಲ್ಲಿ, ಕಾಗದ ಪೆನ್ನಿನ ಗೊಡವೆಯಿಲ್ಲದೆ ನೇರ ಕಂಪ್ಯೂಟರಿನ ಮೇಲೆ, ಒಂದು ಪದ್ಯ ಹೊಡೆದಳು. ಹತ್ತಿ ಹಿಂಜುತ್ತಿದ್ದ ಕೈಯ ಮಾತು ಮೊದಲು, ತಾಡಪಾಲಿನ ಮಾತು ನಡುವೆ. ಕೊನೆಯ ಸಾಲು ಇದು:

ಅಪ್ಪ ಮೂರು ಸಲ ತೊಳೆದರೆ ಮೂರು ಸಲವೂ ನೀರು ಕೆಂಪು.

ಅಪ್ಪನಿಗೆ ಓದಿ ಹೇಳಬೇಕೆಂದೇ ಬರೆದದ್ದು. ಆದರೆ ಗೌಸಸಾಬ್ ಅಚ್ಚಾದದ್ದನ್ನು ಮಾತ್ರ ನಂಬುವ ಜಾತಿ. ನಾಲ್ಕನೇ ಇಯತ್ತೆ ಓದಿದವನಿಗೆ ಪೇಪರಿನಲ್ಲಿ ಬಂದದ್ದೆಲ್ಲ ಖರೆ, ಉಳಿದದ್ದೆಲ್ಲ ಹರಟೆ. ಎಲ್ಲಾದರೂ ಅಚ್ಚಾಗಲಿ, ಆಗ ಮುಂದೆ ಹಿಡಿಯುತ್ತೇನೆ ಎಂದುಕೊಂಡಳು.

ಪದ್ಯ ಹಾಕಿದ ಅರ್ಧ ಗಂಟೆಗೆ ನಂದಿನಿಯ ಫೋನು. "ಲೇ ಆಫ್ರೀನ, ಕಡೀ ಸಾಲು ಓದಿ ಅಳು ತಡಿಯಾಕ ಆಗಲಿಲ್ಲಲೇ. ಸ್ಟಾಫ್ ರೂಮಿನ ಕಂಪ್ಯೂಟರ್ ಮುಂದ ಕುಂತೀನಿ, ಎಲ್ಲಾರೂ ಏನಾತು ಏನಾತು ಅನ್ನಾಕ ಹತ್ಯಾರ."

ಸಂಜೆಯ ಹೊತ್ತಿಗೆ ವೆಂಕಣ್ಣ ಸರ್ ಬರೆದರು. ಹೂ: ಹತ್ತಿ ಹಿಂಜುವ ಚಿತ್ರ. ಕತ್ತರಿ: ಕೊನೆಯ ಸಾಲು. ಇದು ಮನೆಯೊಳಗಿನ ಮಾತು, ಕವಿತೆಗೆ ಭಾರ.

ಆಫ್ರೀನ್ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡಳು, ಬಿಡಲು ಮನಸ್ಸಾಗಲಿಲ್ಲ. ಆದರೂ ಅಳಿಸಿದಳು. ಕಂಪ್ಯೂಟರಿನ ಫೈಲಿನಲ್ಲೂ ತೆಗೆದು ಹಾಕಿದಳು. ಮೋಹ ಬಿಡಬೇಕು ಎಂದ ಮೇಲೆ ಪೂರ್ತಿ ಬಿಡಬೇಕಲ್ಲ. ಹುಚ್ಚು ಹುಡುಗಿ. ಮಾತು ಕೇಳುವುದರಲ್ಲೂ ಒಂದು ಹದ ಇರಬೇಕು ಎಂದು ಅವಳಿಗೆ ಹೇಳುವವರಿರಲಿಲ್ಲ.

ಎಂಟು ತಿಂಗಳು ಕಳೆದವು. ಒಂದು ದಿನ ಉಜ್ಜಿನಪ್ಪ ಕೈಬರಹದ ಕಟ್ಟೊಂದನ್ನು ತಂದು ಅವಳ ಮುಂದೆ ಹಾಕಿದ. "ಪ್ರೆಸ್ಸಿನೋರು ಕೊಟ್ಟಾರ. ಅವರ ಹುಡುಗ ಬಿಟ್ಟು ಹೋಗ್ಯಾನಂತ. ಯಾರೋ ಗಣಿ ಸಾಹುಕಾರ್ರು ಖರ್ಚು ನೋಡ್ಕೊಂತಾರ, ಲಗೂನ ಮಾಡವ್ವಾ."

ಮೇಲಿನ ಹಾಳೆಯಲ್ಲಿ ವೆಂಕಣ್ಣ ಸರ್ ಹೆಸರು. ಆಫ್ರೀನಳಿಗೆ ಹಿಗ್ಗೋ ಹಿಗ್ಗು. ಸರ್ ಪುಸ್ತಕ ತನ್ನ ಕೈಯಿಂದಲೇ ಅಕ್ಷರವಾಗುತ್ತಿದೆ! ಯಾರಿಗೂ ಹೇಳದೆ ಮುಗಿಸಿ, ಬಿಡುಗಡೆಯ ದಿನ ಎದುರು ನಿಂತು ಹೇಳಿಬಿಡಬೇಕು ಎಂದು ಕೂತಳು. ಹನ್ನೆರಡನೇ ಪುಟದಲ್ಲಿ 'ಕಲ್ಲಿಗೆ ನನ್ನ ಹೆಸರು ಗೊತ್ತು, ಮೇಸ್ತ್ರಿಗೆ ಗೊತ್ತಿಲ್ಲ' ಎಂಬ ಸಾಲು ಬಂತು. ಇದು ಕುರುಗೋಡಿನ ದುರ್ಗೇಶನದಲ್ಲವೇ? ಕತ್ತರಿ ಬಿದ್ದು ಹೋಗಿತ್ತಲ್ಲ? ನೆನಪಿನಲ್ಲಿ ಉಳಿದು ಬಂದಿರಬೇಕು ಎಂದು ಸರ್ ಪರವಾಗಿ ತಾನೇ ವಕಾಲತ್ತು ಮಾಡಿಕೊಂಡಳು. ಹತ್ತೊಂಬತ್ತರಲ್ಲಿ ಭತ್ತದ ಹೊಟ್ಟು ಹಾರುವ ಒಂದು ಸಾಲು, ನಂದಿನಿಯದು. ಅದಕ್ಕೂ ಕತ್ತರಿ ಬಿದ್ದಿತ್ತು. ಅವಳ ಬೆರಳು ನಿಧಾನವಾಯಿತು.

ಮೂವತ್ತೊಂದನೇ ಪುಟದಲ್ಲಿ ಅಪ್ಪ ಕೂತಿದ್ದ. ಮೂರು ಸಲ ಕೈ ತೊಳೆಯುತ್ತಿದ್ದ. ಮೂರು ಸಲವೂ ನೀರು ಕೆಂಪು.

ಆಗ ತಿಳಿಯಿತು. ಇಷ್ಟು ದಿನ ಆ ಮನುಷ್ಯ ಕತ್ತರಿಸಿದ್ದು ಕೆಟ್ಟ ಸಾಲುಗಳನ್ನಲ್ಲ. ಒಬ್ಬೊಬ್ಬರ ಪದ್ಯದಲ್ಲಿ ಜೀವ ಇರುವ ಸಾಲು ಯಾವುದೋ ಅದನ್ನು ಹುಡುಕಿ ಹುಡುಕಿ ಕತ್ತರಿ ಇಟ್ಟಿದ್ದ. ಬರೆದವರ ಕೈಯಿಂದಲೇ ಗುರುತು ಅಳಿಸಿ ಹಾಕಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಕೇಳಿದ್ದೇವೆ. ಈ ಬೇಲಿ ಹೊಲಕ್ಕೆ ಉಪದೇಶ ಮಾಡುತ್ತ ಮೇಯ್ದಿತ್ತು.

"ಮಾಲಕ್ರೇ, ಇದರಾಗಿನ ಸಾಲು ನಂದೈತ್ರಿ," ಎಂದಳು.

ಉಜ್ಜಿನಪ್ಪ ಕನ್ನಡಕದ ಮೇಲಿಂದ ನೋಡಿದ. "ಟೈಪು ಮಾಡೋರು ಓದಬಾರದವ್ವಾ. ನಾ ಇಪ್ಪತ್ತು ವರ್ಷ ಆತು, ಏನೂ ಓದಿಲ್ಲ."

ಮರುದಿನ ಅರ್ಧ ದಿನ ರಜೆ ಹಾಕಿ ಕಂಟೋನ್ಮೆಂಟಿಗೆ ಹೋದಳು. ದೊಡ್ಡ ಕಾಂಪೌಂಡು, ಬೇವಿನ ಮರ. ವೆಂಕಣ್ಣ ಸರ್ ತಾವೇ ಬಾಗಿಲು ತೆಗೆದು, ಕೂಡಿಸಿ, ಚಹಾ ತರಿಸಿದರು. ಅವಳು ಪುಟದ ಸಂಖ್ಯೆ ಹೇಳಿದಾಗ ಒಂದು ಕ್ಷಣ ಚಹಾದ ಕಪ್ಪು ಅವರ ತುಟಿಯ ಹತ್ತಿರ ನಿಂತಿತು, ಅಷ್ಟೇ.

"ಆ ಸಾಲನ್ನ ತೆಗೆದಾಕಿ ಯಾರವ್ವಾ? ನೀನ ಅಲ್ಲೇನು?"

"ನೀವು ಹೇಳಿದ್ರಿ ಅಂತ ತೆಗದೆ ಸರ್."

"ನಾ ಹೇಳಿದೆ, ನೀ ಬಿಟ್ಟಿ. ಬಿಟ್ಟ ಸಾಲಿಗೆ ವಾರಸುದಾರ ಯಾರು? ನಮ್ಮ ಕೂಟದ ಪದ್ಧತಿನ ಅದು. ಬೀದಿಗೆ ಬಿದ್ದ ಹಸುಗೂಸು ಎತ್ಕೊಂಡು ಸಾಕೀನಿ ಅಂತ ತಿಳ್ಕೋ."

ಅವಳು ದನಿ ಏರಿಸಲಿಲ್ಲ. "ಒಂದು ಕೇಳ್ತೀನಿ ಸರ್. ಆ ಅಪ್ಪ ಮೂರು ಸಲ ಯಾಕ ತೊಳೀತಾನ್ರಿ?"

ಸರ್ ನಕ್ಕರು. "ಮೂರು ಅಂದ್ರ ಕಿವಿಗೆ ಚಂದ ಕೇಳ್ತತಿ. ಲಯ ಅದು."

ಅವಳು ಎದ್ದು ನಿಂತಳು. ಚಹಾ ಹಾಗೇ ಇತ್ತು. ಬಾಗಿಲವರೆಗೆ ಬಂದ ಸರ್, "ಮುನ್ನುಡಿಯಾಗ ನಿನ್ನ ಹೆಸರು ನೆನಸ್ತೀನಿ ಬಿಡು, ಕೂಟದ ಗೆಳತಿ ಅಂತ," ಎಂದರು. ಅವಳು ಗೇಟು ದಾಟಿದಳು.

ಅವಳ ಕೈಯಲ್ಲಿ ರುಜುವಾತು ಎಂಬುದು ಒಂದೇ ಒಂದು ಉಳಿದಿತ್ತು, ಅದು ನಂದಿನಿ. ಮೊದಲ ದಿನವೇ ಆ ಸಾಲು ಓದಿ ಅತ್ತವಳು. ಫೋನಿನಲ್ಲಿ ಎಲ್ಲ ಹೇಳಿದಾಗ ಸಿರುಗುಪ್ಪದ ಕಡೆಯಿಂದ ಬೈಗುಳದ ಮಳೆಯೇ ಸುರಿಯಿತು. "ನಂದೂ ಕದ್ದಾನಾ? ಬಿಡಂಗಿಲ್ಲ ಅವನ್ನ. ಶನಿವಾರ ನಮ್ಮ ಸಾಲಿ ಮಧ್ಯಾಹ್ನಕ್ಕ ಬಿಡ್ತತಿ. ನೀ ಪೂರ್ತಿ ಪದ್ಯ ಕೂಟದಾಗ ಹಾಕು, ನಾ ಸೈಬರಿಗೆ ಹೋಗಿ ತಕ್ಷಣ ಬರೀತೀನಿ, ಇದನ್ನ ನಾ ಎಂಟು ತಿಂಗಳ ಹಿಂದ ಓದೀನಿ ಅಂತ. ಒಬ್ಬಾಕಿ ಹೇಳಿದ್ರ ಸಾಕು, ಉಳಿದೋರಿಗೆ ತಮ್ಮ ತಮ್ಮ ಸಾಲು ನೆನಪಾಗ್ತಾವ."

ಶನಿವಾರ ಮಧ್ಯಾಹ್ನ ಉಜ್ಜಿನಪ್ಪ ಊಟಕ್ಕೆ ಹೊರಟ ಕೂಡಲೇ ಆಫ್ರೀನ್ ಪದ್ಯವನ್ನು ಕೊನೆಯ ಸಾಲಿನ ಸಮೇತ ಹಾಕಿದಳು. ಕೆಳಗೆ, ಇದು ನನ್ನದು, ಕತ್ತರಿ ಬಿದ್ದಿದ್ದ ಸಾಲು, ಇದು ಈಗ ಬೇರೆಯವರ ಪುಸ್ತಕದಲ್ಲಿ ಬರುತ್ತಿದೆ ಎಂದಳು. ಯಾರ ಪುಸ್ತಕ ಎಂದೂ ಬರೆದಳು. ರೊಟ್ಟಿಯ ಡಬ್ಬಿ ತೆರೆಯಲಿಲ್ಲ. ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತ ಕೂತಳು.

ಒಂದೂವರೆಗೆ ನಂದಿನಿಯ ಹೆಸರು ಬಂತು. ಆಫ್ರೀನಳಿಗೆ ಹೋದ ಜೀವ ಬಂದಂತಾಯಿತು.

ಹೂ: ಹತ್ತಿ ಹಿಂಜುವ ಸಾಲು. ಕತ್ತರಿ: ಕೊನೆಯ ಸಾಲು. ಇದು ಸರ್ ಅವರ ಕವಿತೆಯದು, ಅವರ ಬಾಯಲ್ಲೇ ಕೇಳಿದ್ದೇನೆ. ಆಫ್ರೀನ್, ಬೇರೆಯವರ ಸಾಲಿಗೆ ಕೈ ಹಾಕಬಾರದು. ಅಳಿಸಿಬಿಡು.

ಅವಳು ಅದನ್ನು ನಾಲ್ಕು ಸಲ ಓದಿದಳು. ಬೇರೆ ಯಾರೋ ನಂದಿನಿಯ ಹೆಸರಲ್ಲಿ ಬರೆದಿರಬಹುದೇ ಎಂದೂ ನೋಡಿದಳು. ಅಷ್ಟರಲ್ಲಿ ಅದರ ಕೆಳಗೆ ಒಬ್ಬೊಬ್ಬರಾಗಿ ಸಾಲು ನಿಂತರು. ಛೀ ಎಂದರು, ಸರ್ ಋಣ ಮರೆತೆಯಾ ಎಂದರು. ಕುರುಗೋಡಿನ ದುರ್ಗೇಶ ಎಲ್ಲರಿಗಿಂತ ಜೋರಾಗಿ ಕಳ್ಳಿ ಎಂದ. ಹನ್ನೆರಡನೇ ಪುಟ ಅವನಿನ್ನೂ ನೋಡಿರಲಿಲ್ಲ ಪಾಪ.

ಮೂರನೇ ಸಲ ಫೋನು ಮಾಡಿದಾಗ ನಂದಿನಿ ಎತ್ತಿದಳು.

"ಯಾಕಲೇ?" ಎಂದಳು ಆಫ್ರೀನ್.

"ನೀ ನನಗ ಹೇಳೇ ಹೇಳ್ತಿ ಅಂತ ತಿಳಕೊಂಡು ನಿನ್ನೆ ಸರ್ ಫೋನ್ ಮಾಡಿದ್ರು. ಜಿಲ್ಲಾ ಉತ್ಸವದ ಕವಿಗೋಷ್ಠಿ ಪಟ್ಟಿಯಾಗ ನನ್ನ ಹೆಸರು ಸೇರಿಸ್ಯಾರ. ದೊಡ್ಡ ವೇದಿಕೆಲೇ. ನಮ್ಮ ಮನ್ಯಾಗ ನಾ ಬರಿಯೋದನ್ನ ನೋಡಿ ನಗ್ತಾರ, ನಿನಗ ಗೊತ್ತೈತಲ್ಲ. ಒಂದು ಸಲ ಅವರ ಮುಂದ ನಿಂತು ಓದಬೇಕು ನಾನು."

"ಅದು ನಂದು ಅಂತ ನಿನಗ ಗೊತ್ತಿತ್ತು."

"ಈಗಲೂ ಗೊತ್ತೈತಿ," ಎಂದಳು ನಂದಿನಿ. ಅವಳು ಅಳುತ್ತಿದ್ದಳು. "ನೀ ಅದನ್ನ ಅಳಿಸಿಬಿಡು, ನಾನೂ ನನ್ನ ಮಾತು ಅಳಿಸ್ತೀನಿ. ಏನೂ ಆಗೇ ಇಲ್ಲ ಅನ್ನಂಗ ಇದ್ದುಬಿಡೋಣು."

ಆಫ್ರೀನ್ ಫೋನು ಇಟ್ಟಳು. ವೆಂಕಣ್ಣನ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಬೈಯಬಹುದು, ಹಗುರಾಗಬಹುದು. ಇದು ಹಾಗಲ್ಲ. ತನ್ನವಳು ಎಂದು ನಂಬಿದವಳು ಎಲ್ಲ ತಿಳಿದೂ ಕೊರಳು ಕೊಯ್ದಿದ್ದಳು, ಮೇಲೆ ಅಳುತ್ತಲೂ ಇದ್ದಳು. ಪದ್ಯವನ್ನು ಅವಳು ಅಳಿಸಲಿಲ್ಲ. ಸಂಜೆಯೊಳಗೆ ಕೂಟದ ಯಜಮಾನರೇ ಅಳಿಸಿದರು. ಅವಳ ಹೆಸರನ್ನೂ ತೆಗೆದರು.

ಪುಸ್ತಕ ಬಿಡುಗಡೆಯಾದ ಎರಡನೇ ದಿನ ಗೌಸಸಾಬ್ ಯಾರ್ಡಿನ ಆಫೀಸಿನಿಂದ ಒಂದು ಪೇಪರು ಮಡಚಿ ತಂದ. ಚಹಾ ಮುಗಿಸಿ ಹೊಸ್ತಿಲ ಬೆಳಕಿಗೆ ಕೂತು ಅದನ್ನು ಬಿಚ್ಚಿದ. ಪುಸ್ತಕದ ಸುದ್ದಿಯ ಕೆಳಗೆ ಅದರದೊಂದು ಕವನ ಅಚ್ಚಾಗಿತ್ತು. ಒಲೆಯ ಮುಂದೆ ಇದ್ದ ಹೆಂಡತಿ ಮದಾರಬೀಯನ್ನೂ ಕರೆದ.

"ಕವನ ಪವನ ನನಗ ತಿಳಿಯಂಗಿಲ್ಲ. ಆದ್ರ ಇದೊಂದು ತಿಳೀತು ನೋಡ್ರಿ." ಬೆರಳಿಟ್ಟು ಒಂದೊಂದೇ ಪದ ಓದಿದ. "ಅಪ್ಪ... ಮೂರು ಸಲ... ತೊಳೆದರೆ..." ಮುಗಿಸಿ ತನ್ನ ಅಂಗೈ ನೋಡಿಕೊಂಡ. "ಮೂರು ಸಲ ಯಾರು ತೊಳೀತಾರ? ವಜು ಮಾಡೋರು. ಈ ಮನುಷ್ಯ ನಮ್ಮಂಥೋರ ಬಚ್ಚಲ ಮುಂದ ನಿಂತು ನೋಡ್ಯಾನ. ಯಾರೋ ವೆಂಕಣ್ಣ ಅಂತ. ಅಲ್ಲಾ ಅವನ್ನ ಚಂದ ಇಟ್ಟಿರಲಿ."

"ಅಪ್ಪಾ," ಎಂದಳು ಆಫ್ರೀನ್. "ಅದು ನಾ ಬರದದ್ದು."

ಗೌಸಸಾಬ್ ಮಗಳ ಮುಖ ನೋಡಿದ. ಮತ್ತೆ ಪೇಪರು ನೋಡಿದ, ಹೆಸರಿನ ಮೇಲೆ ಬೆರಳಾಡಿಸಿದ. ಬೈಯಲಿಲ್ಲ, ನಗಲೂ ಇಲ್ಲ. ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ.

"ಅಚ್ಚಿನಾಗ ಬ್ಯಾರೇದೋರ ಹೆಸರೈತಲ್ಲವ್ವಾ. ಹಂಗ ಅನಬಾರದು," ಎಂದ ಮೆತ್ತಗೆ. "ಇರ್ಲಿ ಬಿಡು. ನೀನೂ ಒಂದಿನ ಹಿಂಗ ಬರೀತಿ."