ನೂರು ತುಟಿಗಳ ಪಾತ್ರೆ

ಮನುಷ್ಯಕುಲ ಇದುವರೆಗೆ ಗಂಭೀರವಾಗಿ ಪರಿಗಣಿಸದ ಒಂದು ಮಹತ್ವದ ವಿಷಯವನ್ನು ಮೊದಲೇ ಮಂಡಿಸಿಬಿಡುತ್ತೇನೆ: ಮೀಸೆ. ರಾಜ್ಯಗಳ ಏಳುಬೀಳು ಬರೆದಿಟ್ಟವರಿದ್ದಾರೆ; ದ್ರಾಕ್ಷಾರಸದಲ್ಲಿ ಅದ್ದಿದ ಮೀಸೆಯ ಬಗ್ಗೆ ಒಂದು ಸಾಲು ಬರೆದವರಿಲ್ಲ. ಆ ಕುರಿತು ಮಾತಾಡುವ ಅಧಿಕಾರ ನನಗಿದೆ. ನಾನು ಒಂದು ಬೆಳ್ಳಿಯ ಪಾತ್ರೆ. ಗದಗಿನ ಕಡೆಯ ಒಂದು ಊರಿನ ಚರ್ಚಿನಲ್ಲಿ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ಭಾನುವಾರ ದ್ರಾಕ್ಷಾರಸ ತುಂಬಿಕೊಂಡು ತುಟಿಯಿಂದ ತುಟಿಗೆ ಹೋಗುವುದಕ್ಕೇ ನನ್ನನ್ನು ಮಾಡಿದ್ದು. ಬೇರೆಯವರು ಮನುಷ್ಯರನ್ನು ಮುಖ ನೋಡಿ ಗುರುತಿಸುತ್ತಾರೆ. ನನಗೆ ಮೂಗಿನ ಹೊಳ್ಳೆ, ಮೇಲ್ದುಟಿ ಮತ್ತು ಮೀಸೆ ಸಾಕು. ಕಣ್ಣು ಸುಳ್ಳು ಹೇಳಬಹುದು. ಕುಡಿಯುವಾಗ ತುಟಿ ಹೇಳುವುದಿಲ್ಲ.

ನಾನು ಹುಟ್ಟಿದ್ದು ಮೌನೇಶಪ್ಪ ಪತ್ತಾರನ ಕುಲುಮೆಯಲ್ಲಿ. ಅದಕ್ಕೂ ಮುಂಚೆ ನಾನು ಒಂದಿಷ್ಟು ಕಾಲುಂಗುರ, ಒಂದಿಷ್ಟು ಕಾಲ್ಗಡಗವಾಗಿದ್ದೆ. ಆಗಷ್ಟೇ ಕ್ರೈಸ್ತ ಸಭೆಗೆ ಸೇರಿದ್ದ ನೇಕಾರರ ಮನೆಯ ಹೆಂಗಸರು ಅವನ್ನು ಕಳಚಿ ಕೊಟ್ಟಿದ್ದರು. ಪಾದದಿಂದ ಹೊರಟು ತುಟಿಯ ತನಕ ಬಡ್ತಿ ಪಡೆದವರು ಈ ಲೋಕದಲ್ಲಿ ಬಹಳ ಜನ ಇರಲಾರರು. ಮೈತುಂಬ ದ್ರಾಕ್ಷಿಬಳ್ಳಿ ಕೆತ್ತಬೇಕೆಂದು ಪರದೇಶದಿಂದ ಬಂದಿದ್ದ ಪಾದ್ರಿಗಳು ಹೇಳಿದ್ದರು. ಮೌನೇಶಪ್ಪ ದ್ರಾಕ್ಷಿಬಳ್ಳಿ ಕಂಡವನಲ್ಲ. ತನ್ನ ಹಿತ್ತಲಲ್ಲಿದ್ದ ಹಾಗಲಬಳ್ಳಿಯನ್ನು ಭಕ್ತಿಯಿಂದ ಕೆತ್ತಿದ. ಪಾದ್ರಿಗಳು ಹಾಗಲಕಾಯಿ ಕಂಡವರಲ್ಲ, ಮೆಚ್ಚಿಕೊಂಡರು.

ಆಗಿನ ಕಾಲದಲ್ಲಿ ನನ್ನ ಕೆಲಸ ಕಾಣುವಷ್ಟು ಸುಲಭವಾಗಿರಲಿಲ್ಲ. ಒಬ್ಬ ಮುಟ್ಟಿದ ನೀರನ್ನು ಇನ್ನೊಬ್ಬ ಕುಡಿಯದ ಊರದು. ಅಂಥಲ್ಲಿ ಒಬ್ಬನ ಎಂಜಲನ್ನು ಇನ್ನೊಬ್ಬ ಕುಡಿಯಬೇಕಿತ್ತು. ಮೊದಲ ಸಲ ನಾನು ಸುತ್ತು ಹೊರಟಾಗ ಎಷ್ಟೋ ತುಟಿಗಳು ನಡುಗಿದವು, ಒಂದೆರಡು ಕಚ್ಚಿಕೊಂಡವು, ಆಮೇಲೆ ಕುಡಿದವು. ಅಂದಿನಿಂದ ಈ ಸಭೆಯಲ್ಲಿ ಒಂದು ಪದ್ಧತಿ ಬಂತು: ಪಾದ್ರಿಗಳು ಪಾತ್ರೆಯನ್ನು ಪ್ರತಿಯೊಬ್ಬರ ಬಾಯಿಗೂ ಹಿಡಿಯುವುದಿಲ್ಲ. ಪೀಠದ ಮುಂದೆ ಮೊಣಕಾಲೂರಿದ ಸಾಲಿನಲ್ಲಿ ಮೊದಲನೆಯವರಿಗೆ ಕೊಡುತ್ತಾರೆ. ಅವರು ಗುಟುಕರಿಸಿ, ಅಂಚು ಒರೆಸಿ, ಪಕ್ಕದವರ ಕೈಗೆ ಕೊಡಬೇಕು. ತಾನು ಕುಡಿದದ್ದನ್ನು ತಾನೇ ಕೊಡಬೇಕು. ಅದರಲ್ಲಿದೆ ಮರ್ಮ.

ಕೈ ಬದಲಾಗುತ್ತ ಹೋಯಿತು. ಒಬ್ಬ ಹಿರಿಯರು ನನ್ನನ್ನು ಹುಣಸೆಹಣ್ಣಿನಿಂದ ತಿಕ್ಕಿದರು, ಇನ್ನೊಬ್ಬರು ಒಲೆಯ ಬೂದಿಯಿಂದ, ಮತ್ತೊಬ್ಬರು ತಮ್ಮದೇ ಹಲ್ಲುಪುಡಿಯಿಂದ. ಪ್ಲೇಗು ಬಂದು ಊರಿಗೆ ಊರೇ ಬಯಲಿನ ಗುಡಿಸಲುಗಳಿಗೆ ಹೋದಾಗ ನಾನೂ ಜೊತೆಗೆ ಹೋದೆ, ಅಲ್ಲಿಯೂ ಸುತ್ತು ಬಂದೆ.

ಇನ್ನು ಸತ್ಯಮಿತ್ರ ಬಳಗಾನೂರ ಅವರ ವಿಷಯ. ರೇಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ತಮ್ಮ ಹಸಿರು ನಿಶಾನೆ ಇಲ್ಲದೆ ಜಗತ್ತಿನಲ್ಲಿ ಏನೂ ಹೊರಡಬಾರದು ಎಂಬ ನಂಬಿಕೆ ಅವರಲ್ಲಿ ಉಳಿದಿತ್ತು. ಅವರದು ಕತ್ತರಿಸಿ ಸಮ ಮಾಡಿದ ಮೀಸೆ, ಅಳೆದಂತೆ ಒಂದೇ ಗುಟುಕು. ಅವರ ಎಡಕ್ಕೆ ಯಾವಾಗಲೂ ಹೆಂಡತಿ ಜಯವಂತಿಬಾಯಿ. ಅವರು ಕುಡಿದು ಒರೆಸಿ ಕೊಟ್ಟದ್ದನ್ನು ಆಕೆ ಮತ್ತೊಮ್ಮೆ ಒರೆಸಿ ಕುಡಿಯುತ್ತಿದ್ದರು. ಅದು ಅನುಮಾನವಲ್ಲ, ಮೀಸೆಯ ಅನುಭವ.

ಆಮೇಲೆ ಕೊರೊನಾ ಬಂತು. ಚರ್ಚಿಗೆ ಬೀಗ, ನನಗೆ ಪೀಠದ ಪಕ್ಕದ ಕೋಣೆಯ, ಎಂದರೆ ವೆಸ್ಟ್ರಿಯ, ಕಪಾಟು. ಆ ಕಪಾಟಿನ ಬಾಗಿಲು ಎಂದೂ ಸರಿಯಾಗಿ ಮುಚ್ಚಿದ್ದಲ್ಲ, ಸಭೆಯ ಹಿರಿಯರು ಕೂಡುವುದೂ ಅದೇ ಕೋಣೆಯಲ್ಲಿ. ಹಾಗಾಗಿ ಕಪಾಟಿನಲ್ಲಿದ್ದಷ್ಟು ದಿನದ್ದೆಲ್ಲ ಕೇಳಿ ತಿಳಿದದ್ದು. ಜಯವಂತಿಬಾಯಿ ಮೊದಲ ಅಲೆಯಲ್ಲೇ ತೀರಿಹೋದರು. ಮೈತುಂಬ ಪ್ಲಾಸ್ಟಿಕ್ ತೊಟ್ಟ ನಾಲ್ವರು ಪೆಟ್ಟಿಗೆ ಇಳಿಸಿದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಮಗಳು ಪ್ರೇಮಲೀಲಾ ಸ್ಮಶಾನದ ಗೇಟಿನ ಹೊರಗೆ ನಿಂತು ನೋಡಿದಳು. ವಯಸ್ಸಾದವರು ಮನೆ ಬಿಡಬಾರದೆಂಬ ನಿಯಮವಿತ್ತು; ಸತ್ಯಮಿತ್ರರಿಗೆ ಅಷ್ಟೂ ಸಿಗಲಿಲ್ಲ.

ಪೂಜಾಸ್ಥಳ ತೆರೆಯಬಹುದೆಂದು ಸರ್ಕಾರ ಹೇಳಿದಾಗ, ಹಿರಿಯರಲ್ಲಿ ಒಬ್ಬಳಾಗಿದ್ದ ಪ್ರೇಮಲೀಲಾ ಎಲ್ಲರಿಗಿಂತ ಮೊದಲು ವೆಸ್ಟ್ರಿಗೆ ಬಂದಳು. ಹೊಸ ಪಾದ್ರಿ ಸುಜ್ಞಾನ ಅಯ್ಯನವರು ಹಿಂದೆಮುಂದೆ ನೋಡಿದರು.

"ಇನ್ನೊಂದೆರಡು ತಿಂಗಳು ಮೊಬೈಲಿನಾಗ ನಡಸಿದ್ರಾತಲ್ಲವ್ವಾ?"

"ಮೊಬೈಲಿನಾಗ ನಿಮ್ಮ ಆಶೀರ್ವಾದ ಅರ್ಧಕ್ಕ ನಿಂತು ಗಿರಗಿರ ತಿರಗತೈತ್ರಿ, ಅಯ್ಯನೋರ. ಪಪ್ಪಾ ಗ್ವಾಡಿ ನೋಡಕೋಂತ ಒಣಗಾಕತ್ತಾರ. ಚರ್ಚ್ ತೆರೀಬೇಕು. ಆದ್ರ ಇನ್ನೊಂದು ಪೆಟ್ಟಿಗಿ ನಾ ಗೇಟಿನ ಹೊರಗ ನಿಂತು ನೋಡೂದಿಲ್ಲ. ಎರಡೂ ಆಗಬೇಕು."

ಎರಡೂ ಆಗಬೇಕು ಎಂಬವರ ಜೊತೆ ವಾದಿಸುವುದು ಕಷ್ಟ. ತಲೆಮಾರುಗಳಿಂದ ಬಣ್ಣ ಬಳಿಸಿಕೊಂಡು ಚೌಕಟ್ಟಿಗೆ ಅಂಟಿಹೋಗಿದ್ದ ಕಿಟಕಿಗಳನ್ನು ಆಕೆ ಉಳಿ ಹಿಡಿದು ಬಿಡಿಸಿದಳು. ಒಂದು ಬಿಟ್ಟು ಒಂದು ಬೆಂಚಿಗೆ ಹಗ್ಗ ಕಟ್ಟಿದಳು. ಹಾಡು ಬೇಡ, ಬರೀ ಹಾರ್ಮೋನಿಯಂ ಸಾಕು ಎಂದಳು. ತಾರಸ್ವರದ ಎಸ್ತರವ್ವ ಎರಡು ದಿನ ಮಾತು ಬಿಟ್ಟಳು. ಬಾಗಿಲಲ್ಲಿ ಹಣೆಗೆ ಪಿಸ್ತೂಲಿನಂಥ ಯಂತ್ರ ಹಿಡಿದು ಜ್ವರ ನೋಡುವ ಏರ್ಪಾಡಾಯಿತು. ಮಾಸ್ಕಿಲ್ಲದೆ ಪ್ರವೇಶವಿಲ್ಲ. ಅಂದರೆ ನನಗೆ ಪರಿಚಯವಿದ್ದ ಮುಖದ ಭಾಗವನ್ನಷ್ಟೇ ಎಲ್ಲರೂ ಮುಚ್ಚಿಕೊಂಡರು.

ಉಳಿದದ್ದು ನಾನು.

"ಎಲ್ಲಾರಿಗೂ ಸಣ್ಣ ಲೋಟ ತರಸೇನಿ," ಎಂದಳು ಪ್ರೇಮಲೀಲಾ. "ಒಬ್ಬರ ಬಾಯಿಂದು ಇನ್ನೊಬ್ಬರಿಗೆ ಬ್ಯಾಡ."

ಹಿರಿಯರ ಕೂಟದಲ್ಲಿ ಸತ್ಯಮಿತ್ರರು ಎದ್ದು ನಿಂತರು.

"ಬ್ಯಾರೆ ಲೋಟ! ಚಾದಂಗಡ್ಯಾಗ ನಮ್ಮ ಅಜ್ಜಗ ಬ್ಯಾರೆ ಲೋಟ ಇಡ್ತಿದ್ರು, ಗೊತ್ತೈತೇನು ನಿನಗ? ಅದನ್ನ ಬಿಟ್ಟು ಇಲ್ಲಿ ಬಂದು ಒಂದ ಪಾತ್ರ್ಯಾಗ ಕುಡದ. ಈಗ ಅವನ ಮರಿಮೊಮ್ಮಗಳು ಚರ್ಚಿನಾಗ ಬ್ಯಾರೆ ಲೋಟ ಇಡಾಕ ಹೊಂಟಾಳ!"

"ಅದು ಜಾತಿ ಲೋಟ, ಪಪ್ಪಾ. ಇದು ಜಡ್ಡಿನ ಲೋಟ."

"ಲೋಟ ಲೋಟನ. ಪ್ಲೇಗಿನಾಗೂ ಈ ಪಾತ್ರಿ ತಿರಗೇತಿ."

"ತಿರಗೇತ್ರಿ. ತಿರಗಿದ ಮ್ಯಾಲ ಎಷ್ಟು ಮಂದಿ ಉಳದ್ರು?"

ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಯಲಿನ ಗುಡಿಸಲಲ್ಲಿ ಮುಂದಿನ ಸಲ ಸುತ್ತು ಮುಗಿದಾಗ ನನ್ನಲ್ಲಿ ಬಹಳ ರಸ ಉಳಿದಿತ್ತು. ಯಾರೂ ಕೇಳಲಿಲ್ಲ, ಪಾತ್ರೆಯನ್ನು ಕೇಳುವ ರೂಢಿ ಇಲ್ಲ.

"ಪಾತ್ರಿ ಬರಲಿಲ್ಲಂದ್ರ ನಾನೂ ಬರೂದಿಲ್ಲ," ಎಂದರು ಸತ್ಯಮಿತ್ರರು.

ಇಂಥ ಸಂದರ್ಭಗಳಲ್ಲಿ ಪಾದ್ರಿಗಳು ಮಾಡುವುದನ್ನೇ ಸುಜ್ಞಾನ ಅಯ್ಯನವರೂ ಮಾಡಿದರು: "ಪ್ರಾರ್ಥನಾ ಮಾಡೂಣು" ಎಂದು ಕೂಟ ಮುಗಿಸಿದರು.

ಪ್ರೇಮಲೀಲಾ ಪ್ರಾರ್ಥನೆಯನ್ನೂ ಮಾಡಿದಳು, ಶನಿವಾರ ಮಧ್ಯಾಹ್ನ ತಾಲೀಮನ್ನೂ ಇಟ್ಟಳು. ಸಣ್ಣ ಲೋಟಗಳಲ್ಲಿ ನೀರು. ಸತ್ಯಮಿತ್ರರು ತಪ್ಪು ಹುಡುಕಲೆಂದೇ ಬಂದರು. ಅವರ ಒತ್ತಾಯಕ್ಕೆ ನನ್ನನ್ನೂ ಪೀಠದ ಮೇಜಿನ ಮೇಲೆ ತಂದಿಟ್ಟಿದ್ದರು, ಖಾಲಿಯಾಗಿ. ಜನ ದೂರ ದೂರ ಮೊಣಕಾಲೂರಿದರು. ಅಯ್ಯನವರು ಒಬ್ಬೊಬ್ಬರಿಗೂ ಒಂದೊಂದು ಲೋಟ ಕೊಟ್ಟರು.

ಮೊದಲನೆಯವಳು ಎಸ್ತರವ್ವ. ಮಾಸ್ಕ್ ಇಳಿಸಿ ಒಂದು ಗುಟುಕು ಕುಡಿದಳು. ಸೆರಗಿನಿಂದ ಲೋಟದ ಅಂಚು ಚೆನ್ನಾಗಿ ಒರೆಸಿದಳು. ಮೈ ಬಾಗಿಸಿ, ಕೈ ಉದ್ದ ಚಾಚಿ, ಪಕ್ಕದವರಿಗೆ ಕೊಟ್ಟಳು. ಅವರು ಅದನ್ನು ತೆಗೆದುಕೊಂಡು, ತಮ್ಮದನ್ನು ಮುಂದಿನವರಿಗೆ ಕೊಟ್ಟರು. ನಾನು ನೋಡುತ್ತಿದ್ದಂತೆ ಇಡೀ ಸಾಲಿನಲ್ಲಿ ಲೋಟಗಳು ಎಡಕ್ಕೆ ಎಡಕ್ಕೆ ಹೊರಟವು. ಮೊದಲು ಒಂದು ಎಂಜಲು ತಿರುಗುತ್ತಿತ್ತು. ಈಗ ಎಲ್ಲರ ಎಂಜಲೂ ಒಟ್ಟಿಗೆ ಮೆರವಣಿಗೆ ಹೊರಟಿತ್ತು.

"ಏ ಎಸ್ತರವ್ವಾ!" ಪ್ರೇಮಲೀಲಾ ಕೂಗಿದಳು. "ಅದು ನಿಂದು! ನೀನ ಪೂರ್ತಿ ಕುಡೀಬೇಕು!"

"ಒಬ್ಬಾಕಿನ ಕುಡೀಲೇನು? ನಾ ಅಷ್ಟು ಆಸೆಬುರುಕಿ ಅಲ್ಲವಾ!"

ಹಿಂದಿನ ಬೆಂಚಿನಿಂದ ಯಾರೋ "ಹಾಡೂದು ಬಿಡಿಸಿದಿ, ಕೊಡೂದು ಬಿಡಸಾಕ ಆಗೂದಿಲ್ಲ" ಎಂದರು. ಮಾಸ್ಕಿನೊಳಗೆ ನಗುವಾಗ ಜನರ ಭುಜ ಕುಣಿಯುತ್ತದೆಂದು ಅಂದು ತಿಳಿಯಿತು.

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಸತ್ಯಮಿತ್ರರು ತಮ್ಮ ಲೋಟದಿಂದ ಅಳೆದಂತೆ ಒಂದು ಗುಟುಕು ಕುಡಿದು, ಅಂಚು ಒರೆಸಿ, ಎಡಕ್ಕೆ ಚಾಚಿದ್ದರು. ಎಡಕ್ಕೆ ಯಾರೂ ಇರಲಿಲ್ಲ. ಕೈ ಚಾಚಿಯೇ ಇತ್ತು. ತೆಗೆದುಕೊಳ್ಳುವವರು ತಡಮಾಡಿದರೆಂಬಂತೆ ಅವರು ಆ ಕಡೆ ತಿರುಗಿಯೂ ನೋಡಿದರು.

ಪ್ರೇಮಲೀಲಾ ಹೋಗಿ ಪಕ್ಕದಲ್ಲಿ ಮೊಣಕಾಲೂರಿದಳು.

"ಪಪ್ಪಾ."

"ಆಕಿ ಕೊನೀ ಸಲ ಈ ಪಾತ್ರ್ಯಾಗ ಕುಡದಾಳ, ಲೀಲಾ," ಎಂದರು ಅವರು, ನನ್ನತ್ತ ನೋಡುತ್ತ. "ಮಣ್ಣಿಗೂ ನಾ ಹೋಗಲಿಲ್ಲ."

ಆಕೆ ಅವರ ಕೈಯ ಲೋಟವನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಅಂಚೆ ಕಚೇರಿಯ ಕಿಟಕಿಯಲ್ಲಿ ಮಾತಾಡುವ ಧ್ವನಿಯಲ್ಲೇ ಅಯ್ಯನವರಿಗೆ ಹೇಳಿದಳು:

"ದ್ರಾಕ್ಷಾರಸ ಈ ಪಾತ್ರ್ಯಾಗ ತುಂಬ್ರಿ. ಇದರ ಮ್ಯಾಲ ಪ್ರಾರ್ಥನಾ ಮಾಡ್ರಿ. ಇದರಿಂದ ಚಮಚದಲೆ ಎಲ್ಲಾರ ಲೋಟಕ್ಕ ಹಾಕ್ರಿ. ಬಾಯಿ ಯಾರೂ ಹಚ್ಚೂದು ಬ್ಯಾಡ. ಒಂದ ಮನ್ಯಾಗ ಇರೂ ಮಂದಿ ಬಾಜೂಕ ಕೂಡಲಿ. ಮತ್ತ ಎಲ್ಲಾರೂ ಎದ್ದು ಹಿಂದ ಹೋಗ್ರಿ, ಮೊದಲಿಂದ ಮಾಡೂಣು. ಎಸ್ತರವ್ವಾ, ಪೂರ್ತಿ ಕುಡೀಬೇಕು."

"ಚಮಚದಲೆ ಅಂದ್ರ ಕೆಮ್ಮಿನ ಔಷಧ ಕೊಟ್ಟಂಗಲ್ಲೇನು?" ಎಂದರು ಸತ್ಯಮಿತ್ರರು.

"ಹೌದ್ರಿ. ಬರ್ತೀರೋ ಇಲ್ಲೋ?"

ಅವರು ಎದ್ದು ಹಿಂದೆ ಹೋಗಿ, ಮತ್ತೆ ಬಂದು ಮೊಣಕಾಲೂರಿದರು. ಸಂಜೆಯ ಬಿಸಿಲು ಆ ಹೊಸದಾಗಿ ಬಿಚ್ಚಿಕೊಂಡ ಕಿಟಕಿಗಳಿಂದ ಒಳಬರುವ ತನಕ ಆಕೆ ಆ ಜನರನ್ನು ಬಿಡಲಿಲ್ಲ. ಪೀಳಿಗೆಗಳು ಕಲಿತದ್ದನ್ನು ಒಂದು ಮಧ್ಯಾಹ್ನದಲ್ಲಿ ಮರೆಸುವುದು ಸಾಮಾನ್ಯ ಕೆಲಸವಲ್ಲ. ಪ್ರತಿ ಸಲವೂ ಒಬ್ಬರ ಕೈಯಾದರೂ ಎಡಕ್ಕೆ ಹೋಗುತ್ತಿತ್ತು, ಅರ್ಧದಲ್ಲಿ ನಿಲ್ಲುತ್ತಿತ್ತು. ಯಾರ ಕೈಯೂ ಹೋಗದ ತನಕ ಮನೆಗೆ ಕಳಿಸಲಿಲ್ಲ.

ಮರುದಿನ ನಾನು ತುಂಬಿಕೊಂಡು ಪೀಠದ ಮೇಲೆ ನಿಂತಿದ್ದೆ. ಉದ್ದ ಹಿಡಿಯ ಚಮಚ ನನ್ನೊಳಗೆ ಇಳಿಯಿತು, ಏರಿತು. ಸತ್ಯಮಿತ್ರರು ಬಂದರು. ಅವರ ಎಡಕ್ಕೆ ಮಗಳು. ಅವರು ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಅದನ್ನು ಒರೆಸದೆ ತಟ್ಟೆಯಲ್ಲಿಟ್ಟರು. ಒಂದು ಮೀಸೆಯೂ, ಒಂದು ತುಟಿಯೂ ತಾಗದೆ ನಾನು ಖಾಲಿಯಾದೆ. ಕೆಲಸ ಮಾಡಿದೆನೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಗೊಂದಲವಾಯಿತು. ಎಲ್ಲರ ಲೋಟದಲ್ಲಿದ್ದದ್ದು ನನ್ನಿಂದ ಹೋದದ್ದೇ, ಆದ್ದರಿಂದ ಮಾಡಿದೆ ಎಂದು ತೀರ್ಮಾನಿಸಿಕೊಂಡೆ.

ಈಗ ಮಾಸ್ಕುಗಳು ಹೋಗಿವೆ, ಬೆಂಚಿನ ಹಗ್ಗ ಬಿಚ್ಚಿದೆ, ಎಸ್ತರವ್ವ ಹಾಡುತ್ತಾಳೆ. ಲೋಟ ಮತ್ತು ಚಮಚ ಹಾಗೆಯೇ ಉಳಿದಿವೆ. ನನಗೆ ವಯಸ್ಸಾಗಿದೆ, ದೂರದಿಂದ ಮುಖಗಳನ್ನು ಪೂರ್ತಿಯಾಗಿ ನೋಡುವುದನ್ನು ಇತ್ತೀಚೆಗೆ ಕಲಿಯುತ್ತಿದ್ದೇನೆ. ಜನರಿಗೆ ಕಣ್ಣು ಕೂಡ ಇದೆ, ಅವು ಪರವಾಗಿಲ್ಲ. ತುಟಿಗಳನ್ನು ಮರೆತಿಲ್ಲ. ಆದರೆ ಅವು ನನ್ನ ಬಳಿ ಬರಬೇಕೆಂಬ ಹಟ ನನಗಿಲ್ಲ. ಮುಂದಿನ ಸಲವೂ ಅವು ಅಲ್ಲಿರಬೇಕು, ಅಷ್ಟೆ.

ಚರ್ಚ್ ಮತ್ತೆ ತೆರೆದ ಆ ಭಾನುವಾರ ಬಂದವರಲ್ಲಿ ಯಾರಿಗೂ ಜ್ವರ ಬರಲಿಲ್ಲ.