ಮಾವನ ಮುಂದ ಕುಂಡ್ರಬಾರದು

ಭೀಮರಾಯನಗುಡಿ ಕ್ಯಾಂಪಿನ ಸಮುದಾಯ ಭವನದಾಗ ಮುಂಜಾನಿ ದಾನೇಶ್ವರಿ ದೊಡ್ಡವರಿಗೆ ವ್ಯಾಯಾಮ ಕಲಸತಿದ್ಲು. ಹಾಡು ಹಚ್ಚಿ ಮಂದಿನ್ನ ಕುಣಸ್ತಾಳಂತ ಊರವರು ಆಡಕೋತಿದ್ರು. ಆಡಕೊಳ್ಳಲಿ ಬಿಡ್ರಿ, ಅಕಿಗೆ ಕೆಲಸ ಬರತಿತ್ತು. ಎದಿಬಡಿತ ಮೆಲ್ಲಕ ಏರಸಬೇಕು, ಮೆಲ್ಲಕ ಇಳಸಬೇಕು, ಗಕ್ಕನ ನಿಂದ್ರಬಾರದು. ನಡುವ ಒಬ್ಬೊಬ್ಬರ ಬಾಜೂ ಬಂದು, "ರಾತ್ರಿ ಏನ್ ಉಂಡ್ರಿ?" ಅಂತ ಕೇಳತಿದ್ಲು. ಪೂರಾ ಹೇಳಿದವರು ಆರಾಮ ಅದಾರ, "ರೊಟ್ಟಿ..." ಅಂದು ತೇಕಿದವರು ಸಾವಕಾಶ ಮಾಡಬೇಕು. ಅದಕ್ಕ ಯಾವ ಮಷಿನ್ನೂ ಬೇಕಾಗಿದ್ದಿಲ್ಲ.

ಶಹಾಪುರದ ಕಿರಾಣಿ ಸಾವಕಾರ ಚನ್ನಯ್ಯ ಸಕ್ಕರಿ ಬೇನಿ ಅಂತ ಬರತಿದ್ದ. ಸಮಿತಿಯವರಿಗೆ ಹೇಳಿ ಭವನ ಕೊಡಿಸಿದವನೂ ಅವನ. ಒಂದಿನ ಸೊಸಿ ಸುನಿತಾನ ಕರಕೊಂಡು ಬಂದ.

"ಬಾಣಂತನದಾಗ ಉಬ್ಬ್ಯಾಳ. ಇಕಿನ್ನೂ ಜರಾ ಕರಗಸು."

"ಎದಿನೋವು, ದಮ್ಮು ಏನರ ಅದ ಏನವ್ವಾ?" ದಾನೇಶ್ವರಿ ಸುನಿತಾನ್ನ ಕೇಳಿದ್ಲು.

"ಏನೂ ಇಲ್ಲ," ಅಂದ ಚನ್ನಯ್ಯ.

"ಅಕಿನ್ನ ಕೇಳಾಕತ್ತೇನ್ರಿ."

"ಅಕಿ ನನ್ನೆದುರು ಬಾಯಿ ಬಿಡಂಗಿಲ್ಲ. ನಮ್ಮ ಮನಿ ರಿವಾಜ ಅದು."

ರಿವಾಜಂತ! ಅವರ ರಿವಾಜಿಗೆ ಬೆಂಕಿ ಬೀಳಲಿ. ಸಂಜಿಕ ಬರೇ ಹೆಂಗಸರು ಬರ್ತಾರ, ಆವಾಗ ಕಳಸ್ರಿ ಅಂದ್ರ, ಒಬ್ಬಾಕಿನ್ನ ಕಳಸಂಗಿಲ್ಲಂದ. ಭವನ ಹೋದ್ರ ಹೊಟ್ಟಿಪಾಡು ಹೋತಲ್ಲಾ ಅಂತ ದಾನೇಶ್ವರಿ ಬಗ್ಗಿದ್ಲು. "ಮಾತು ಬ್ಯಾಡ ಬಿಡವ್ವಾ. ಸುಸ್ತಾದ್ರ ಕೈ ಎತ್ತು, ಗ್ವಾಡಿಗೆ ಒರಗಿ ಕುಂಡ್ರು," ಅಂದ್ಲು. ಸುನಿತಾ ತಲಿ ಹಾಕಿದ್ಲು.

ದೋರನಹಳ್ಯಾಗ ದಾನೇಶ್ವರಿ ಮನ್ಯಾಗ ಮಾವ ಸೊಸಿ ಒಂದ ಕಟ್ಟಿಮ್ಯಾಗ ಕುಂತು ಶೇಂಗಾ ಸುಲಿಯೋರು. ಮಾತಾಡಬಾರದಾಕಿ ಕುಂಡ್ರಲೂಬಾರದು ಅಂತ ಅಕಿಗೆ ಹೊಳಿಲೇ ಇಲ್ಲ.

ಅವತ್ತು ಗಿಡ್ಡ ಮಣಿಮ್ಯಾಲ ಏರಿ ಇಳಿಯೋದು ನಡದಿತ್ತು. ಸುನಿತಾನ ತುಟಿ ಬಣ್ಣ ಹೋಗಿತ್ತು, ಹಣಿ ತುಂಬ ಬೆವರು. ಕೈ ಮ್ಯಾಲ ಎತ್ತಾಕ ಹೋದಾಕಿ ಮಾವನ ಕಡಿ ನೋಡಿ, ಅದ ಕೈಲೆ ಸೆರಗ ಸರಿ ಮಾಡಕೊಂಡ್ಲು. ದಾನೇಶ್ವರಿ ಹಾಡು ಬಂದ್ ಮಾಡಿ, "ಉಳದವರು ಮೆಲ್ಲಕ ನಡಕೋತ ಇರ್ರಿ," ಅಂತ ಕೂಗಿ ಓಡಿದ್ಲು.

"ಕುಂಡ್ರವ್ವಾ."

ಸುನಿತಾ ಗ್ವಾಡಿ ಹಿಡಕೊಂಡು ನಿಂತ್ಲು. ಕಾಲು ಥರಥರ ನಡಗಾಕತ್ತಿದ್ವು.

"ಕುಂಡ್ರ ಅಂದೆನಲ್ಲಾ! ಸಾವಕಾರ್ರ, ಜರಾ ಹೊರಗ ಹೋಗ್ರಿ. ನೀವಿದ್ರ ಅಕಿ ಕುಂಡ್ರಂಗಿಲ್ರಿ."

"ಏ! ನಾ ಕೊಡಿಸಿದ ಭವನ ಇದು. ನನ್ನ ಹೊರಗ ಹಾಕಾಕ ನೀ ಯಾರ?"

ಅವನು ಕಣ್ಣ ತಗದು ನಿಂತಾನ, ದಾನೇಶ್ವರಿ ಅವನ ಕಾಲಿಗೆ ಬೀಳೋದೊಂದ ಬಾಕಿ. ಅಷ್ಟರಾಗ ಸುನಿತಾ ಧಪ್ಪನ ಬಿದ್ಲು. ಮಣಿ ಬಡದು ಹಣಿ ಒಡೀತು.

ಯಾದಗಿರಿ ದವಾಖಾನ್ಯಾಗ ಜೀವ ಉಳೀತು. ಹೃದಯದ ಕವಾಟ ಭಾಳ ದಿನದಿಂದ ಕೆಟ್ಟದ ಅಂತ ಡಾಕ್ಟರ್ ಅಂದ್ರು. ಅಷ್ಟರಾಗ ಊರ ತುಂಬ ಸುದ್ದಿ: ಸಾವಕಾರ್ರ ಸೊಸಿನ್ನ ದಾನೇಶ್ವರಿ ಕುಣಿಸಿ ಕುಣಿಸಿ ಕೆಡವ್ಯಾಳ. ಕ್ಲಾಸಿನವರನ್ನ ಕೇಳಿದ್ರ, "ನಾವು ನಮ್ಮ ಗುಂಗಿನಾಗ ಇದ್ವಿ, ನೋಡಿಲ್ಲವ್ವಾ," ಅಂದ್ರು. ಎಲ್ಲಾರ ಉದ್ರಿ ಖಾತೆನೂ ಚನ್ನಯ್ಯನ ಅಂಗಡ್ಯಾಗ ಇದ್ವು. ಥೂ!

ಮರದಿನ ಭವನ ಸಮಿತಿ ಅಧ್ಯಕ್ಷ ಪಂಪಣ್ಣ ದಾನೇಶ್ವರಿನ್ನ ಕರಕೊಂಡು ದವಾಖಾನಿಗೆ ಬಂದ. ಕ್ಲಾಸು ನಡೀಬೇಕೋ ಬ್ಯಾಡೋ, ಸುನಿತಾ ಹೇಳಿದಂಗ ಆಗಲಿ ಅಂದ. ದಾನೇಶ್ವರಿಗೆ ಖುಷಿನ ಆತು. ಬಿದ್ದಾಕಿಗೆ ಖರೇ ಗೊತ್ತಿರತದಲ್ಲ!

ಅತ್ತಿ ಬಸ್ಸಮ್ಮ ಕೂಸಿನ್ನ ಎತಗೊಂಡು ನಿಂತಿದ್ಲು. ಚನ್ನಯ್ಯ ಭಾಳ ಮೆತ್ತಗ ಅಂದ, "ಹೇಳವ್ವಾ ಸುನಿತಾ. ನನ್ನೆದುರು ಮಾತಾಡು, ಏನೂ ತಪ್ಪಲ್ಲ."

ಸುನಿತಾ ಕೂಸಿನ್ನ ನೋಡಿದ್ಲು. ಆಮ್ಯಾಲ ಅಂದ್ಲು, "ಸುಸ್ತಾಗ್ಯದಂತ ಕೈ ಎತ್ತಿದೆ. ಅಕ್ಕೋರು ಬಿಡಲಿಲ್ರಿ."

ಎಂಥಾ ಸುಳ್ಳ ಹೇಳತಿಯಲ್ಲಾ ಅಂತ ದಾನೇಶ್ವರಿ ಚೀರಬೇಕಂದ್ಲು. ಕೂಸು ಅವ್ವನ ಕಡಿ ಕೈ ಚಾಚಿ ಅಳಾಕತ್ತಿತ್ತು, ಬಸ್ಸಮ್ಮ ಕೊಡವಲ್ಲಳು. ಅದ ಮನಿಗೆ ಹೋಗಿ ಬಾಳಬೇಕಾದಾಕಿ ಮತ್ತೇನ್ ಹೇಳ್ಯಾಳು? ಸಿಟ್ಟು ಇಳೀಲಿಲ್ಲ, ಆದ್ರ ಅದನ್ನ ಆ ಹುಡುಗಿ ಮ್ಯಾಲ ತೀರಿಸಿಕೊಳ್ಳಾಕ ಮನಸ ಬರಲಿಲ್ಲ.

ಮಂಚದ ಹತ್ತರ ಹೋಗಿ ಅಂದ್ಲು, "ಮನಿಗೆ ಹೋದಮ್ಯಾಲ ತುಂಬಿದ ಕೊಡ ಎತ್ತಬ್ಯಾಡವ್ವಾ. ದಮ್ಮು ಹತ್ತಿದ್ರ ಯಾರರ ಇರಲಿ, ಕುಂತಬಿಡು."

"ನೀ ಏನ್ ಕಲಸಬ್ಯಾಡ," ಚನ್ನಯ್ಯ ಗದರಿದ. "ಇಕಿ ಎದಿ ವಿಚಾರ ಹೆರಿಗಿ ಮಾಡಿಸಿದ ಡಾಕ್ಟರ್ ಆವಾಗನ ಹೇಳ್ಯಾರ. ನಮಗೆಲ್ಲಾ ಗೊತ್ತದ."

ದಾನೇಶ್ವರಿ ಪಂಪಣ್ಣನ ಮಾರಿ ನೋಡಿದ್ಲು. ಅವನು ಕೇಳಿಸಿಕೊಂಡಿದ್ದ, ಚೊಲೋತ್ನ್ಯಾಗ ಕೇಳಿಸಿಕೊಂಡಿದ್ದ.

"ಭವನದ ಚಾವಿ ಕೊಟ್ಟು ಹೋಗು ತಂಗಿ," ಅಂತ ಕೈ ಚಾಚಿದ.